ಕ್ಯಾಂಪಿಗೆ ಬಂದಿದ್ದು ಮೂರೇ ಜನ. ಎಲ್ಲಿ ಎಡವಿದೆ?

ದಾವಣಗೆರೆ ಫೀಲ್ಡ್ ಹುಡುಗಿ:

ನಮಸ್ಕಾರ. ಹೆಂಗಸರ ಆರೋಗ್ಯದ ಕೆಲಸ ಮಾಡುವ ಸಣ್ಣ ಸಂಸ್ಥೆಯೊಂದರಲ್ಲಿ ಇದ್ದೇನೆ. ಎಂ.ಎಸ್.ಡಬ್ಲ್ಯೂ ಮುಗಿಸಿ ಸೇರಿ ಒಂದು ವರ್ಷ ನಾಲ್ಕು ತಿಂಗಳಾಯಿತು. ಆಫೀಸಿನಲ್ಲಿ ಐದು ಜನ, ಒಂದು ಸ್ಕೂಟಿ, ಮನಸ್ಸು ಬಂದರೆ ಮಾತ್ರ ಕೆಲಸ ಮಾಡುವ ಒಂದು ಪ್ರಿಂಟರ್. ನನ್ನ ಏರಿಯಾ ಮಂಡಕ್ಕಿ ಭಟ್ಟಿಗಳ ಕಡೆ.

ಹೋದ ಮಂಗಳವಾರ ಗರ್ಭಕೋಶದ ಬಾಯಿಯ ಕ್ಯಾನ್ಸರ್ ತಪಾಸಣೆ ಇಟ್ಟಿದ್ದೆವು. ಹೆಸರು ಬರೆಸಿದವರು 40 ಜನ. ಬಂದವರು ಮೂರು. ಅದರಲ್ಲಿ ಒಬ್ಬರು ನಮ್ಮ ಆಫೀಸ್ ಕಸ ಗುಡಿಸುವ ಅಕ್ಕ, ನನ್ನ ಮುಖ ನೋಡಿ ಪಾಪ ಅನ್ನಿಸಿ ಬಂದವರು. ಡಾಕ್ಟರ್ ಮೇಡಂ ಎರಡು ಗಂಟೆವರೆಗೂ ಕೂತಿದ್ದರು. ನಾನು ಮಿರ್ಚಿ ಮಂಡಕ್ಕಿ ತರಿಸಿ ಮರ್ಯಾದೆ ಉಳಿಸಿಕೊಳ್ಳೋಕೆ ನೋಡಿದೆ.

ಪರೀಕ್ಷೆ ದೊಡ್ಡದೇನಲ್ಲ. ವಿಐಎ ಅಂತಾರೆ. ಗರ್ಭಕೋಶದ ಬಾಯಿಗೆ ತೆಳುವಾದ ಅಸಿಟಿಕ್ ಆಸಿಡ್ ಹಚ್ಚಿ ಒಂದು ನಿಮಿಷ ಕಾಯೋದು. ಬೆಳ್ಳಗಿನ ಕಲೆ ಕಂಡರೆ ಮುಂದಿನ ಪರೀಕ್ಷೆಗೆ ಕಳಿಸೋದು. 30ರಿಂದ 65 ವರ್ಷದವರು ಐದು ವರ್ಷಕ್ಕೊಮ್ಮೆ ಮಾಡಿಸಿದರೆ ಸಾಕು. ಗೋಬಿ ಗಾಡಿಯಲ್ಲಿ ವಿನೆಗರ್ ಬಾಟಲಿ ಇರುತ್ತಲ್ಲ, ಅದೇ ಜಾತಿಯ ದ್ರವ. ಇದನ್ನ ನಾನು ಮನೆಮನೆಗೆ ಹೋಗಿ ಬಿಡಿಸಿ ಹೇಳಿದೆ. ಬುದ್ಧಿವಂತಿಕೆ ನೋಡಿ, "ಆಸಿಡ್" ಅನ್ನೋ ಒಂದು ಮಾತಿಗೆ ಒಂದು ಓಣಿಗೆ ಓಣಿಯೇ ಹಿಂದೆ ಸರಿಯಿತು.

ಒಬ್ಬ ಹೆಂಗಸಿನ ಮಾತು ತಲೆಯಿಂದ ಹೋಗ್ತಿಲ್ಲ. 34 ವರ್ಷ ಇರಬಹುದು. ತಲೆಗೆ ಬಟ್ಟೆ ಬಿಗಿದು ಮಂಡಕ್ಕಿ ಜರಡಿ ಹಿಡಿಯುತ್ತಿದ್ದರು. ಕೆಳಗೆ ಬಿಸಿ ಮರಳು ಉದುರುತ್ತಿತ್ತು, ಮೇಲೆ ಮಂಡಕ್ಕಿ ಕುಣಿಯುತ್ತಿತ್ತು. ಕಣ್ಣು ಹೊಗೆಗೆ ಕೆಂಪಾಗಿದ್ದವು. ನಾನು ಹತ್ತು ನಿಮಿಷ ಮಾತಾಡಿದೆ, ಹೆಚ್ಚುಕಮ್ಮಿ ಜರಡಿ ಜೊತೆಗೇ. ಕೊನೆಗೆ ತಲೆ ಎತ್ತದೆ ಹೇಳಿದರು: "ನಮ್ಮ ಅತ್ತಿಗೆ ಬಿಳಿ ಸೆರಗು ಅಂತ ತೋರಿಸಾಕೆ ಹೋಗಿದ್ಲು. ಚೀಲ ತೆಗೆಸ್ಕೊಂಡು ಬಂದ್ಲು. ನಲವತ್ತು ಸಾವ್ರ ಸಾಲ. ಈಗ ಸೊಂಟ ಹಿಡ್ಕೊಂಡು ಕುಂತಾಳೆ. ನನಗೇನೂ ಆಗಿಲ್ಲವ್ವ, ನೀ ಹೋಗು."

ದುಡ್ಡು ಕೊಡುವವರು ಮಾರ್ಚ್ ಒಳಗೆ 200 ಪರೀಕ್ಷೆ ಅಂತ ಕೂತಿದ್ದಾರೆ. ಮನೆಯಲ್ಲಿ ಅಪ್ಪ ಬ್ಯಾಂಕ್ ಪರೀಕ್ಷೆ ಪುಸ್ತಕ ತಂದು ಟೇಬಲ್ ಮೇಲೆ ಇಟ್ಟಿದ್ದಾರೆ. ಈ ಕೆಲಸದಲ್ಲಿ ಪಳಗಿದವರು ಯಾರಾದರೂ ಇದ್ದರೆ ಹೇಳಿ.

---

ಸುಮ್ನೆ ಓದುಗ:

ಬೇಜಾರಾಗಬೇಡಿ ಮೇಡಂ. ಈ ಎನ್‌ಜಿಒ ಕ್ಯಾಂಪೆಲ್ಲ ಫೋಟೋಗೆ ಅಲ್ವಾ? ಬ್ಯಾನರ್, ಬಿಸ್ಕೆಟ್, ರಿಪೋರ್ಟ್. ಜನಕ್ಕೂ ಗೊತ್ತು.

---

ನಿವೃತ್ತ ಸ್ಟಾಫ್ ನರ್ಸ್, ಹರಿಹರ:

ಮೇಲಿನವರೇ, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ದೇಶದಲ್ಲಿ 30ರಿಂದ 49ರ ವಯಸ್ಸಿನ ಹೆಂಗಸರಲ್ಲಿ ಈ ತಪಾಸಣೆ ಒಮ್ಮೆಯಾದರೂ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಇಲ್ಲ. ಆ ಹುಡುಗಿ ಫೋಟೋ ತೆಗೆಸಿಕೊಂಡರೂ ಪರವಾಗಿಲ್ಲ, ಕ್ಯಾಂಪ್ ಮಾಡಲಿ.

ತಂಗಿ, ಆ ಹೆಂಗಸು ಉತ್ತರ ಕೊಟ್ಟುಬಿಟ್ಟಿದ್ದಾರೆ. ಅವರಿಗೆ ಹೆದರಿಕೆ ಪರೀಕ್ಷೆದಲ್ಲ, ಆಮೇಲಿನದು. ಬಿಳಿ ಸೆರಗಿಗೆಲ್ಲ ಗರ್ಭಚೀಲ ತೆಗೆಯಬೇಕಿಲ್ಲ. ಎಷ್ಟೋ ಸಲ ಅದು ಸೋಂಕು, ಮಾತ್ರೆಯಲ್ಲೇ ಹೋಗುತ್ತೆ. ವಿಐಎಯಲ್ಲಿ ಕಲೆ ಕಂಡರೂ ಅದು ಕ್ಯಾನ್ಸರ್ ಅಂತಲ್ಲ. ಇದನ್ನ ತರೋ ಎಚ್‌ಪಿವಿ ಅನ್ನೋ ವೈರಸ್ ಹೊಕ್ಕು ಕ್ಯಾನ್ಸರ್ ಆಗೋಕೆ ಸಾಮಾನ್ಯವಾಗಿ ಹತ್ತು ವರ್ಷಕ್ಕಿಂತ ಜಾಸ್ತಿ ಬೇಕು. ಅಷ್ಟರೊಳಗೆ ಸಿಕ್ಕರೆ ಆ ಜಾಗಕ್ಕಷ್ಟೇ ತಣ್ಣನೆ ಅನಿಲವನ್ನೋ ಬಿಸಿಯನ್ನೋ ಮುಟ್ಟಿಸಿ ಕೆಟ್ಟ ಪದರ ತೆಗೆಯುತ್ತಾರೆ. ಚೀಲ ಇದ್ದಲ್ಲೇ ಇರುತ್ತೆ. ನೀನು "ಚೀಲ ಉಳಿಸಿಕೊಳ್ಳೋಕೆ ಬನ್ನಿ" ಅಂತ ಹೇಳಬೇಕಿತ್ತು. "ಕ್ಯಾನ್ಸರ್‌ಗೆ ಬನ್ನಿ" ಅಂದರೆ ನಾನೂ ಬರಲ್ಲ.

ಮಂಗಳವಾರ ಬೆಳಿಗ್ಗೆ ಯಾಕೆ ಇಟ್ಟೆ? ಒಂದು ಪಾಳಿ ಕೂಲಿ ಹೋಗುತ್ತಲ್ಲ ಅವರಿಗೆ.

---

ದಾವಣಗೆರೆ ಫೀಲ್ಡ್ ಹುಡುಗಿ:

ಅಕ್ಕ, ಡಾಕ್ಟರ್ ಬಿಡುವಾಗಿದ್ದು ಮಂಗಳವಾರ. ಇನ್ನೊಂದು ಹೇಳಿಲ್ಲ, ಹೇಳೋಕೆ ನಾಚಿಕೆ. ಪ್ರಚಾರಕ್ಕೆ ಆಟೋ ಬಿಟ್ಟಿದ್ದೆವು. ಮೈಕಿನಲ್ಲಿ ಗಂಡಸಿನ ದನಿ. "ಗರ್ಭಕೋಶದ ಬಾಯಿ" ಅಂತ ಕೂಗಿಕೊಂಡು ಓಣಿ ತುಂಬ ಹೋಗಿದೆ, ಹಿಂದೆ ಹುಡುಗರ ಹಿಂಡು. ಅದು ಬರೆದುಕೊಟ್ಟಿದ್ದು ನಾನೇ.

---

ಆಶಾ, ಚಳ್ಳಕೆರೆ ತಾಲ್ಲೂಕು:

ಆಟೋ ಕಥೆ ಓದಿ ನಕ್ಕು ಸಾಕಾಯಿತು ಮಗಳೇ. ನಾನು ಸೇರಿದ ಹೊಸದರಲ್ಲಿ ಗಂಡಸರ ಮುಂದೆ ಕಾಂಡೋಮ್ ಪೊಟ್ಟಣ ಎಣಿಸಿದವಳು. ನಾಚಿಕೆ ಬಿಡು.

ನನ್ನ ಪಾಲಿಗೆ ಎರಡು ಗೊಲ್ಲರಹಟ್ಟಿ ಬರುತ್ತವೆ. ಮುಟ್ಟಾದವರು ಇವತ್ತಿಗೂ ಹಟ್ಟಿ ಹೊರಗೆ. ಬಾಣಂತಿಯೂ ಕೂಸಿನ ಸಮೇತ ಹೊರಗೆ ಇದ್ದದ್ದು ಕಣ್ಣಾರೆ ನೋಡಿದ್ದೇನೆ. ಕೆಲವು ಕಡೆ ಸರ್ಕಾರ ಕೃಷ್ಣ ಕುಟೀರ ಅಂತ ಕಟ್ಟಿಸಿದೆ. ನಮ್ಮಲ್ಲಿ ಬೇವಿನ ಮರವೇ ಗತಿ. ಮೊದಲು ಸಿಟ್ಟು ಬರುತ್ತಿತ್ತು, ಮೂರು ವರ್ಷ ಭಾಷಣ ಮಾಡಿದೆ. ಒಬ್ಬಳೂ ಒಳಗೆ ಬರಲಿಲ್ಲ, ನನ್ನನ್ನೇ ದೂರ ಇಟ್ಟರು.

ಆಮೇಲೆ ಹೊಳೆಯಿತು. ಆ ಮರದ ಕೆಳಗೆ ನಾಲ್ಕೈದು ಹೆಂಗಸರು ಕೂತಿರುತ್ತಾರೆ. ಅತ್ತೆ ಇಲ್ಲ, ಗಂಡ ಇಲ್ಲ, ಒಲೆ ಇಲ್ಲ. ಹಟ್ಟಿಯಲ್ಲಿ ಹೆಂಗಸಿಗೆ ಅಷ್ಟು ಬಿಡುವು ಸಿಗೋದೇ ಆಗ! ಈಗ ನಾನು ಅಲ್ಲೇ ಹೋಗಿ ಕೂರುತ್ತೇನೆ, ಎಲೆ ಅಡಿಕೆ ಹಾಕಿಕೊಂಡು. ಅವರಾಗಿ ಹೇಳುತ್ತಾರೆ, ಯಾರಿಗೆ ಜಾಸ್ತಿ ಹೋಗುತ್ತೆ, ಯಾರಿಗೆ ವಾಸನೆ, ಯಾರಿಗೆ ಗಂಡನ ಜೊತೆ ಮಲಗಿದಾಗ ನೋವು. ಮುಟ್ಟಿನಲ್ಲಿ ಪರೀಕ್ಷೆ ಮಾಡೋಕಾಗಲ್ಲ, ನಿಂತು ವಾರಕ್ಕೆ ಬನ್ನಿ ಅಂತ ದಿನ ಬರೆದು ಕೊಡುತ್ತೇನೆ. ಬಸ್ ಫ್ರೀ ಆದ ಮೇಲೆ ಚಿತ್ರದುರ್ಗಕ್ಕೆ ಹೋಗು ಅಂದರೆ "ದುಡ್ಡಿಲ್ಲ" ಅನ್ನೋರು ಕಮ್ಮಿ. ಈ ಪದ್ಧತಿ ಹೋಗಲೇಬೇಕು, ಆದರೆ ಹೋಗೋವರೆಗೆ ನಾನು ಸುಮ್ಮನೆ ಕೂರೋಕಾಗುತ್ತಾ?

ಇನ್ನೊಂದು. ಬಂದವರಿಗೆ ರಕ್ತವನ್ನೂ ನೋಡಿಸು. ಹಿಮೋಗ್ಲೋಬಿನ್ 12ಕ್ಕಿಂತ ಕೆಳಗೆ ಸಿಕ್ಕವರು ಸಾಲಾಗಿ ನಿಲ್ಲುತ್ತಾರೆ. ಕಬ್ಬಿಣದ ಮಾತ್ರೆ ಕೊಟ್ಟು "ಮಲ ಕಪ್ಪಗಾಗುತ್ತೆ, ಹೆದರಬೇಡ" ಅಂತ ಅವತ್ತೇ ಹೇಳು. ಹೇಳದಿದ್ದರೆ ಮೂರನೇ ದಿನ ಹಿತ್ತಲಲ್ಲಿ ಮಾತ್ರೆ ಸಿಗುತ್ತೆ. ಚಹಾ ಜೊತೆ ಬೇಡ, ನಿಂಬೆಹಣ್ಣಿನ ಜೊತೆ ಆಗಬಹುದು.

---

ಪಿ.ಜೆ. ಬಡಾವಣೆ ಟು ಮ್ಯಾಸಚೂಸೆಟ್ಸ್:

ನಾನು ಇಲ್ಲಿ ಏಷ್ಯಾದ ಹೆಂಗಸರ ಆರೋಗ್ಯ ಸಂಸ್ಥೆಯೊಂದರಲ್ಲಿ ಶನಿವಾರ ಹೋಗಿ ಕೈಜೋಡಿಸುತ್ತೇನೆ. ಬರುವವರು ವಿಯೆಟ್ನಾಂ, ಕಾಂಬೋಡಿಯಾ, ಚೀನಾ, ನಮ್ಮ ತೆಲುಗು ಆಂಟಿಯರು. ಎಲ್ಲರ ಬಾಯಲ್ಲೂ ಅದೇ ಮಾತು, "ನನಗೇನೂ ಆಗಿಲ್ಲ". ಕಾಂಬೋಡಿಯಾದ ಅಜ್ಜಿ ಅನುವಾದಕಿಯ ಮೂಲಕ ಹೇಳಿದಾಗ ನನಗೆ ನಮ್ಮ ಆನಗೋಡಿನ ದೊಡ್ಡಮ್ಮನೇ ಕೂತಂಗಾಯಿತು.

ಇಲ್ಲಿ ಕಲಿತ ಒಂದು ವಿಷಯ: ಗಂಡನನ್ನೋ ಮಗಳನ್ನೋ ಅನುವಾದಕ್ಕೆ ಕೂರಿಸಬಾರದು. ಒಮ್ಮೆ ಗಂಡನೇ ಮಾತು ದಾಟಿಸುತ್ತಿದ್ದ. ಹೆಂಡತಿ ಎರಡು ನಿಮಿಷ ಹೇಳಿದ್ದನ್ನು ಅವನು "ಶೀ ಈಸ್ ಫೈನ್" ಅಂತ ಮುಗಿಸಿದ. ನಿಮ್ಮ ಭಟ್ಟಿ ಏರಿಯಾದಲ್ಲಿ ಉರ್ದು ಮಾತಾಡೋರು ಜಾಸ್ತಿ ಅಲ್ವಾ? ನೀವು ಕನ್ನಡದಲ್ಲಿ ಹೇಳಿದ್ದು ಎಷ್ಟು ಮುಟ್ಟಿತು?

ಸಕ್ಕರೆ ಕಾಯಿಲೆನೂ ನೋಡಿ. ತೂಕದ ಲೆಕ್ಕ ಬಿಎಂಐ ಇದೆಯಲ್ಲ, ಇಲ್ಲಿಯವರಿಗೆ 25 ದಾಟಿದರೆ ಜಾಸ್ತಿ. ನಮ್ಮ ಏಷ್ಯಾದವರಿಗೆ 23ಕ್ಕೇ ಎಚ್ಚರಿಕೆ. ತೆಳ್ಳಗಿದ್ದೀನಿ ಅಂತ ಕೂತವರಲ್ಲೇ ಸಕ್ಕರೆ ಸಿಗುತ್ತೆ. ಮತ್ತೆ ಎಚ್‌ಪಿವಿ ಪರೀಕ್ಷೆಗೆ ಹೆಂಗಸರು ತಾವೇ ಕಡ್ಡಿಯಿಂದ ಮಾದರಿ ತೆಗೆದುಕೊಡೋದಕ್ಕೆ ಇಲ್ಲಿ 2024ರಲ್ಲಿ ಒಪ್ಪಿಗೆ ಸಿಕ್ಕಿತು. ಪರದೆ ಹಿಂದೆ ಹೋಗಿ ತಾವೇ ತೆಗೆದು ಕೊಡುತ್ತಾರೆ. ಕಾಲು ಅಗಲಿಸಿ ಮಲಗೋ ಸಂಕಟ ಇಲ್ಲ.

---

ದಾವಣಗೆರೆ ಫೀಲ್ಡ್ ಹುಡುಗಿ:

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಈ ಸಲ ಆಟೋ ಇಲ್ಲ, ಬ್ಯಾನರ್ ಇಲ್ಲ. ನಾನು ಹೋಗುವ ಓಣಿಯಲ್ಲಿ ಶುಕ್ರವಾರ ಮಧ್ಯಾಹ್ನ ಭಟ್ಟಿಗೆ ಬಿಡುವು. ಆ ಹೊತ್ತಿಗೇ ಇಟ್ಟೆವು. ಉರ್ದು ಬರುವ ಆಶಾ ಅಕ್ಕ ಒಬ್ಬರು ಬಂದರು. ಅವರು ನನ್ನಷ್ಟು ವಿವರ ಹೇಳಲೇ ಇಲ್ಲ. ಕಸ ಗುಡಿಸುವ ನಮ್ಮ ಅಕ್ಕನನ್ನು ಮುಂದೆ ಕೂರಿಸಿ "ಇವರನ್ನೇ ಕೇಳಿ" ಅಂದರು. ನಮ್ಮ ಅಕ್ಕ ಹೇಳಿದ್ದು ಇಷ್ಟೇ: "ಮೂಗು ಚುಚ್ಚಿಸ್ಕೊಂಡಷ್ಟೂ ನೋವಿಲ್ಲ. ಚೀಲ ನನ್ನ ಹತ್ರನೇ ಐತಿ."

ಬಂದವರು 11. ಜರಡಿಯವರು ಕೊನೆಗೆ ಬಂದರು, ಕೈ ಕೂಡ ಸರಿಯಾಗಿ ತೊಳೆದಿರಲಿಲ್ಲ, ಉಗುರಲ್ಲಿ ಮಸಿ. ಬೆಳ್ಳಗಿನ ಕಲೆ ಕಂಡಿದ್ದು ಅವರಿಗೇ.

ಮುಂದಿನ ಪರೀಕ್ಷೆಗೆ ದೊಡ್ಡಾಸ್ಪತ್ರೆಗೆ ನಾನೇ ಜೊತೆ ಹೋಗಿದ್ದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಒಂದೇ ಮಾತು ಕೇಳಿದರು, "ಚೀಲ ತೆಗೀಬ್ಯಾಡ್ರಿ ಅಂತ ಮೊದ್ಲೇ ಹೇಳ್ತೀಯಲ್ವಾ?" ಒಳಗೆ ಹೋದ ತಕ್ಷಣ ಡಾಕ್ಟರ್‌ಗೆ ಮೊದಲು ಅದನ್ನೇ ಹೇಳಿದೆ. ಅವರು ನಕ್ಕು, ಆಮೇಲೆ ನಗು ನಿಲ್ಲಿಸಿ, ಇವರ ಕಡೆ ತಿರುಗಿ "ತೆಗೆಯಲ್ಲಮ್ಮ, ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸ್ತೀನಿ ಅಷ್ಟೇ" ಅಂದರು.

ರಿಪೋರ್ಟ್ ಸೋಮವಾರ ಬರುತ್ತೆ.