ಪಿಕಪ್‌ ಗಾಡಿಯ ಎಂಜಿನ್ ಅನ್ನು ಮನೆಯಂಗಳದಲ್ಲೇ ಇಳಿಸಬಹುದೇ?

ಪ್ರಶ್ನೆ: ನಮಸ್ಕಾರ ಸರ್. ತೆಂಗಿನಕಾಯಿ ಸಾಗಿಸುವ ನಮ್ಮ ಹಳೆಯ ಬೊಲೆರೊ ಪಿಕಪ್‌ನ ಎಂಜಿನ್ ಕೆಳಭಾಗದಿಂದ ಬಡಿಯುವ ಸದ್ದು ಬರುತ್ತಿದೆ. ಇಳಿಸಿದ ಆಯಿಲ್‌ನಲ್ಲಿ ಮಿನುಗುವ ಲೋಹದ ಪುಡಿ ಕಂಡ ಮೆಕ್ಯಾನಿಕ್, ಬೇರಿಂಗ್ ಸವೆದಿದೆ, ಕ್ರ್ಯಾಂಕ್ ಗ್ರೈಂಡಿಂಗ್ (ಎಂಜಿನ್ ಕೆಳಭಾಗದಲ್ಲಿ ತಿರುಗುವ ದಂಡವನ್ನು ತೇಯ್ದು ಸರಿಪಡಿಸುವುದು) ಬೇಕಾಗಬಹುದು ಎಂದಿದ್ದಾರೆ. ಎಂಜಿನ್ ತಂದುಕೊಟ್ಟರೆ ಮುಂದಿನದನ್ನು ಮಾಡಿಕೊಡಲು ತಿಪಟೂರಿನ ಲೇತ್ ಅಂಗಡಿಯವರು ಒಪ್ಪಿದ್ದಾರೆ. ನನಗೂ ತಮ್ಮನಿಗೂ ಸ್ಪ್ಯಾನರ್ ಕೆಲಸ ಗೊತ್ತು. ತಗಡಿನ ಶೆಡ್ಡಿನ ಆ್ಯಂಗಲ್‌ಗೆ ಚೈನ್ ಬ್ಲಾಕ್ ಕಟ್ಟಿ ಎತ್ತಬಹುದೇ? ಗೇರ್‌ಬಾಕ್ಸನ್ನೂ ಜೊತೆಗೇ ತೆಗೆಯಬೇಕೇ?

ಉತ್ತರ: ನಮಸ್ಕಾರ. ಎಂಜಿನ್ ಮೇಲ್ಭಾಗದ ಹೆಡ್ ಗ್ಯಾಸ್ಕೆಟ್ ಕೆಲಸವಾಗಿದ್ದರೆ ಎಂಜಿನ್ ಇಳಿಸುವುದೇ ಬೇಡ ಎನ್ನುತ್ತಿದ್ದೆ. ಕ್ರ್ಯಾಂಕ್ ಕೆಲಸಕ್ಕೆ ಇಳಿಸಲೇಬೇಕು. ಮನೆಯಲ್ಲಿ ಮಾಡಬಹುದು, ಆದರೆ ಶೆಡ್ಡಿನ ಆ್ಯಂಗಲ್‌ಗೆ ದಯವಿಟ್ಟು ಕಟ್ಟಬೇಡಿ. ಅದು ತಗಡಿನ ಭಾರಕ್ಕೆಂದು ಹಾಕಿದ್ದೇ ಹೊರತು, ಇನ್ನೂರು ಕಿಲೋ ಮೀರುವ ಡೀಸೆಲ್ ಎಂಜಿನ್ ಒಂದೇ ಬಿಂದುವಿನಲ್ಲಿ ತೂಗಾಡಲೆಂದಲ್ಲ. ಎಂಜಿನ್ ಕ್ರೇನ್ ಬಾಡಿಗೆಗೆ ತನ್ನಿ. ಅದರ ತೋಳನ್ನು ಹೊರಗೆಳೆದಷ್ಟೂ ಎತ್ತುವ ಶಕ್ತಿ ಕುಗ್ಗುತ್ತದೆ. ಆದ್ದರಿಂದ ತೋಳನ್ನು ನಿಲ್ಲಿಸುವ ಪಿನ್ನಿಗೆ ನೀವು ಬಳಸುವ ರಂಧ್ರದ ಪಕ್ಕದಲ್ಲಿ ಬರೆದಿರುವ ತೂಕವನ್ನೇ ನೋಡಿ. ಕ್ರೇನಿನ ಚಿಕ್ಕ ಚಕ್ರಗಳು ಮಣ್ಣಿನಲ್ಲಿ ಹೂತುಹೋಗುವುದರಿಂದ ಗಟ್ಟಿ ಕಾಂಕ್ರೀಟ್ ನೆಲವೇ ಬೇಕು. ಎಂಜಿನ್ ಎತ್ತಿದ ಮೇಲೆ ಕ್ರೇನನ್ನು ಎಳೆದಾಡದೆ, ಗಾಡಿಯನ್ನೇ ನಿಧಾನವಾಗಿ ಹಿಂದಕ್ಕೆ ತಳ್ಳುವುದು ಒಳ್ಳೆಯದು.

ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿ, ತಣ್ಣಗಾದ ಮೇಲೆ ಕೂಲಂಟ್ ಮತ್ತು ಆಯಿಲ್ ಇಳಿಸಿ. ಬಾನೆಟ್, ಫ್ಯಾನ್, ರೇಡಿಯೇಟರ್ ತೆಗೆದರೆ ಮುಂದಕ್ಕೆ ಜಾಗ ಸಿಗುತ್ತದೆ. ವೈರಿಂಗ್ ಬಿಚ್ಚುವ ಮುನ್ನ ಫೋಟೊ ತೆಗೆದು, ಪ್ರತಿ ಪ್ಲಗ್‌ಗೂ ಟೇಪ್ ಸುತ್ತಿ ಗುರುತು ಬರೆಯಿರಿ. ಎಂಜಿನ್‌ನಿಂದ ಗಾಡಿಯ ಮೈಗೆ ಹೋಗುವ ಅರ್ತ್ ಪಟ್ಟಿಯನ್ನು ಮರೆತು ಎತ್ತಿ ಹರಿದವರು ಬಹಳ. ನಿಮ್ಮದು ಕಾಮನ್ ರೈಲ್ ಎಂಜಿನ್ (ಒಂದೇ ಪೈಪಿನಿಂದ ಎಲ್ಲ ಇಂಜೆಕ್ಟರ್‌ಗಳಿಗೂ ಹೆಚ್ಚಿನ ಒತ್ತಡದಲ್ಲಿ ಡೀಸೆಲ್ ಹೋಗುವಂಥದ್ದು) ಆಗಿದ್ದರೆ, ಬಿಚ್ಚಿದ ಡೀಸೆಲ್ ಪೈಪಿನ ಬಾಯಿಗಳನ್ನು ಕೂಡಲೇ ಶುದ್ಧ ಕ್ಯಾಪ್ ಹಾಕಿ ಮುಚ್ಚಿ. ಕಣ್ಣಿಗೆ ಕಾಣದಷ್ಟು ಧೂಳೂ ಇಂಜೆಕ್ಟರನ್ನು ಹಾಳುಮಾಡುತ್ತದೆ.

ಗೇರ್‌ಬಾಕ್ಸ್ ಗಾಡಿಯಲ್ಲೇ ಇರಲಿ. ಇಬ್ಬರೇ ಇರುವಾಗ ಅಷ್ಟುದ್ದದ ಭಾರವನ್ನು ವಾಲಿಸಿ ತೆಗೆಯುವುದು ಅಪಾಯ. ಆದರೆ ಬೆಲ್ ಹೌಸಿಂಗ್ (ಗೇರ್‌ಬಾಕ್ಸನ್ನು ಎಂಜಿನ್‌ಗೆ ಜೋಡಿಸುವ ಗಂಟೆಯಾಕಾರದ ಕವಚ) ಬೋಲ್ಟ್‌ಗಳನ್ನು ಬಿಚ್ಚುವ ಮುನ್ನ ಗೇರ್‌ಬಾಕ್ಸಿಗೆ ಆಸರೆ ಕೊಡಲೇಬೇಕು. ನೆಲದ ಮೇಲಿನ ಜಾಕ್ ಮಾತ್ರ ಸಾಲದು, ಏಕೆಂದರೆ ಗಾಡಿಯನ್ನು ಹಿಂದಕ್ಕೆ ತಳ್ಳಿದಾಗ ಅದು ಜಾರಿಬಿಡುತ್ತದೆ. ಬೆಲ್ ಹೌಸಿಂಗನ್ನು ಎರಡೂ ಬದಿಯ ಚಾಸಿಗೆ ಸರಪಳಿಯಿಂದ ಬಿಗಿಯಿರಿ. ಎಂಜಿನ್‌ಗೆ ಸರಪಳಿ ಹಾಕಿ, ಭಾರ ಕ್ರೇನಿಗೆ ಬಂದ ಮೇಲಷ್ಟೇ ಮೌಂಟಿಂಗ್ ಬೋಲ್ಟ್ ತೆಗೆಯಿರಿ. ಎಂಜಿನ್ ನೇರವಾಗಿ ಮುಂದಕ್ಕೆ ಸರಿದು, ಗೇರ್‌ಬಾಕ್ಸಿನಿಂದ ಚಾಚಿರುವ ಇನ್‌ಪುಟ್ ಶಾಫ್ಟ್ ಕ್ಲಚ್ ಪ್ಲೇಟಿನಿಂದ ಪೂರ್ತಿ ಹೊರಬರುವವರೆಗೆ ಮೇಲಕ್ಕೆ ಎತ್ತಬಾರದು. ಭಾರ ಆ ಶಾಫ್ಟಿನ ಮೇಲೆ ಬಿದ್ದರೆ ಕ್ಲಚ್ ಪ್ಲೇಟ್ ಕೆಟ್ಟಂತೆಯೇ. ಬರದಿದ್ದರೆ ಬಾರ್ ಹಾಕಿ ಮೀಟಬೇಡಿ. ಬಹುತೇಕ ಮೇಲ್ಭಾಗದಲ್ಲಿ, ಕೈಗೆ ಎಟುಕದ ಕಡೆ, ಒಂದು ಬೋಲ್ಟ್ ಉಳಿದಿರುತ್ತದೆ. ಎಂಜಿನ್ ತೂಗುತ್ತಿರುವಾಗ ಅದರ ಕೆಳಗೆ ಕೈ, ಕಾಲು, ತಲೆ ಯಾವುದೂ ಹೋಗಬಾರದು. ತಮ್ಮನಿಗೂ ಮೊದಲೇ ಹೇಳಿಡಿ.

ಮರುಪ್ರಶ್ನೆ: ತುಂಬಾ ಉಪಕಾರವಾಯಿತು ಸರ್. ಇಳಿಸಿದ ಆಯಿಲ್, ಕೂಲಂಟ್ ಏನು ಮಾಡಲಿ? ಕ್ರ್ಯಾಂಕ್ ಕೈಕೊಟ್ಟರೆ ಹಳೆಯ ಎಂಜಿನ್ ಕೊಂಡು ಕೂರಿಸಬಹುದೇ?

ಉತ್ತರ: ಕೂಲಂಟ್ ಅನ್ನು ಬಕೆಟ್ಟಿನಲ್ಲಿ ತೆರೆದಿಡಲೇಬೇಡಿ. ಅದರ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುವುದರಿಂದ ನಾಯಿಯೋ ಕರುವೋ ನೆಕ್ಕಿದರೆ ಪ್ರಾಣಕ್ಕೇ ಕುತ್ತು. ಎರಡನ್ನೂ ಬೇರೆ ಬೇರೆ ಕ್ಯಾನಿನಲ್ಲಿ ಮುಚ್ಚಿಟ್ಟು, ಹಳೆಯ ಆಯಿಲ್ ಸಂಗ್ರಹಿಸಿ ಮರುಶುದ್ಧೀಕರಣಕ್ಕೆ ಕಳಿಸುವ ಗ್ಯಾರೇಜಿಗೆ ಒಯ್ಯಿರಿ. ತೋಟದ ಕಾಲುವೆಗೆ ಹನಿಯೂ ಹೋಗದಿರಲಿ. ಬೇರೆ ಎಂಜಿನ್ ಕೂರಿಸುವುದಾದರೆ ಎಂಜಿನ್ ನಂಬರ್ ಆರ್‌ಸಿಯಲ್ಲಿ ದಾಖಲಾಗಿರುತ್ತದೆ ಎಂಬುದು ನೆನಪಿರಲಿ. ಮಾರುವವರಿಂದ ಬಿಲ್ಲು ಮತ್ತು ಹಳೆಯ ಗಾಡಿಯ ಕಾಗದಪತ್ರ ಪಡೆದು, ಕೊಳ್ಳುವ ಮೊದಲೇ ನಿಮ್ಮ ಆರ್‌ಟಿಒ ಕಚೇರಿಯಲ್ಲಿ ಅನುಮತಿಯ ಬಗ್ಗೆ ವಿಚಾರಿಸಿ.