ಅಪ್‌ಡೇಟ್: ನಮ್ಮ ಕಾರ್ಖಾನೆಯ ವೇತನ ಅಂತರದ ಲೆಕ್ಕ

ಬೆಳಗಾವಿಯ ಉದ್ಯಮಬಾಗದಲ್ಲಿರುವ ನಮ್ಮ ಬಿಡಿಭಾಗಗಳ ಕಾರ್ಖಾನೆಯಲ್ಲಿ ಹೆಣ್ಣು-ಗಂಡಿನ ವೇತನ ಅಂತರವನ್ನು ಅಳೆಯುವ ಬಗೆಯನ್ನು ನಾನು ಕೇಳಿದ್ದೆ. ಸರಾಸರಿಯೊಂದನ್ನೇ ನಂಬದೆ ಮಧ್ಯಾಂಕವನ್ನೂ (ಪಗಾರಗಳನ್ನು ಏರಿಕೆಯ ಕ್ರಮದಲ್ಲಿಟ್ಟಾಗ ನಟ್ಟನಡುವೆ ಬರುವ ಮೊತ್ತ) ನೋಡಬೇಕೆಂದು ತಾವು ತಿಳಿಸಿದ್ದಿರಿ. ಬ್ರಿಟನ್ನಿನಲ್ಲಿ 250 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ 2017ರಿಂದ ಕಡ್ಡಾಯವಾಗಿರುವ ಕ್ರಮದಂತೆ, ಓವರ್‌ಟೈಮ್ ಬಿಟ್ಟು, ಗಂಟೆಯ ಪಗಾರವನ್ನು ಎರಡೂ ರೀತಿಯಲ್ಲಿ ಲೆಕ್ಕ ಹಾಕಿದೆ. ಇಬ್ಬರು ಮ್ಯಾನೇಜರರ ದೊಡ್ಡ ಸಂಬಳದಿಂದ ಉಬ್ಬಿದ್ದ ಅಂತರ ಮಧ್ಯಾಂಕದಲ್ಲಿ ಕುಗ್ಗಿತಾದರೂ ಅಳಿಯಲಿಲ್ಲ. ತಪಾಸಣೆಯ ಮೇಜಿನಲ್ಲಿ ಒಂದೇ ವರ್ನಿಯರ್ ಅಳತೆ ಉಪಕರಣದಿಂದ ಒಂದೇ ಬುಶ್ (ಕೊಳವೆಯಾಕಾರದ ಬಿಡಿಭಾಗ) ಅಳೆಯುವ ಇಬ್ಬರಲ್ಲಿ, ಪಗಾರಪಟ್ಟಿಯ ಪ್ರಕಾರ ಅವನು ‘ಇನ್‌ಸ್ಪೆಕ್ಟರ್’, ಅವಳು ‘ಸಹಾಯಕಿ’! ಇದು ನನ್ನ ಮನಸ್ಸನ್ನು ಬಹಳ ನೋಯಿಸಿತು. 1976ರ ಸಮಾನ ವೇತನ ಕಾಯ್ದೆಯಾಗಲಿ, ಅದರ ಜಾಗಕ್ಕೆ ತಂದ 2019ರ ವೇತನ ಸಂಹಿತೆಯಾಗಲಿ ನೋಡುವುದು ಕೆಲಸವನ್ನು, ಹುದ್ದೆಯ ಹೆಸರನ್ನಲ್ಲ ಎಂದು ಮಾಲೀಕರಿಗೆ ಬರೆದುಕೊಟ್ಟೆ. ಮುಂದಿನ ತಿಂಗಳಿನಿಂದ ಒಂದೇ ದರಕ್ಕೆ ಅವರು ಒಪ್ಪಿದ್ದಾರೆ. ಹಿಂದಿನ ಬಾಕಿಯ ಮಾತು ಇನ್ನೂ ಇತ್ಯರ್ಥವಾಗಿಲ್ಲ.