ಇಪ್ಪತ್ತು ಲಕ್ಷದಲ್ಲಿ ಷೇರಿಗೆಷ್ಟು, ಠೇವಣಿಗೆಷ್ಟು?

ಪ್ರಶ್ನೆ

ನಮಸ್ಕಾರ. ನನಗೆ ಈಗ 46 ವರ್ಷ. ಖಾಸಗಿ ಕಂಪನಿಯಲ್ಲಿ ನೌಕರಿ, ತೆರಿಗೆಯಲ್ಲಿ ಶೇ. 30ರ ಹಂತದಲ್ಲಿದ್ದೇನೆ. ಕೂಡಿಟ್ಟ 20 ಲಕ್ಷ ರೂಪಾಯಿಯಲ್ಲಿ 16 ಲಕ್ಷ ನಾಲ್ಕು ಈಕ್ವಿಟಿ (ಷೇರು) ಮ್ಯೂಚುವಲ್ ಫಂಡ್‌ಗಳಲ್ಲಿದ್ದು, ಉಳಿದ 4 ಲಕ್ಷ ಬ್ಯಾಂಕಿನ ನಿಶ್ಚಿತ ಠೇವಣಿಯಲ್ಲಿದೆ. ಮೂರು ವರ್ಷದ ನಂತರ ಮಗಳ ಎಂಜಿನಿಯರಿಂಗ್ ಓದಿಗೆ ಸುಮಾರು 6 ಲಕ್ಷ ಬೇಕು, ಮಿಕ್ಕದ್ದು ನಿವೃತ್ತಿಗೆ. ಷೇರು, ಠೇವಣಿ ಎರಡನ್ನೂ ಸಮಪಾಲು ಮಾಡಿದರೆ ಎಷ್ಟು ಲಾಭ ಕೈಬಿಟ್ಟಂತಾಗುತ್ತದೆ, ಅದರ ಬದಲಿಗೆ ಎಷ್ಟು ನಷ್ಟ ತಪ್ಪುತ್ತದೆ ಎಂಬುದನ್ನು ಬಲ್ಲವರು ಲೆಕ್ಕ ಹಾಕಿ ತಿಳಿಸಬೇಕಾಗಿ ಕೋರಿಕೆ.

ಉತ್ತರ 1

ಈಕ್ವಿಟಿಗೆ ವರ್ಷಕ್ಕೆ ಶೇ. 12, ಠೇವಣಿಗೆ ಶೇ. 7 ಎಂದಿಟ್ಟುಕೊಳ್ಳೋಣ (12 ಬರೀ ಅಂದಾಜು, ಯಾರೂ ಬರೆದುಕೊಟ್ಟದ್ದಲ್ಲ). ಈಗಿನ ಹಂಚಿಕೆಯಲ್ಲಿ ನಿರೀಕ್ಷಿತ ಲಾಭ ಶೇ. 11, ಸಮಪಾಲು ಮಾಡಿದರೆ ಶೇ. 9.5. ವ್ಯತ್ಯಾಸ ಮೊದಲ ವರ್ಷಕ್ಕೆ 30,000 ರೂಪಾಯಿ. ಇನ್ನು ಕೆಟ್ಟ ಕಾಲದ ಲೆಕ್ಕ: 2008ರ ಜನವರಿಯಲ್ಲಿ 21,000 ಮುಟ್ಟಿದ್ದ ಷೇರುಪೇಟೆ ಸೂಚ್ಯಂಕ ಸೆನ್ಸೆಕ್ಸ್ 2009ರ ಮಾರ್ಚ್ ಹೊತ್ತಿಗೆ 8,200ರ ಆಸುಪಾಸಿಗೆ, ಎಂದರೆ ಶೇ. 60ರಷ್ಟು ಕುಸಿದಿತ್ತು. ಅಂಥದ್ದೇ ಮರುಕಳಿಸಿದರೆ ನಿಮ್ಮ 20 ಲಕ್ಷ ಈಗಿನ ಹಂಚಿಕೆಯಲ್ಲಿ 10.4 ಲಕ್ಷಕ್ಕೂ, ಸಮಪಾಲಿನಲ್ಲಿ 14 ಲಕ್ಷಕ್ಕೂ ಇಳಿಯುತ್ತದೆ.

ಉತ್ತರ 2

ಮೇಲಿನವರು ತೆರಿಗೆಯನ್ನು ಮರೆತಿದ್ದಾರೆ. ಶೇ. 30ರ ಹಂತದವರಿಗೆ ಶೇ. 7ರ ಠೇವಣಿಯಿಂದ ಕೈಗೆ ಬರುವುದು ಶೇ. 4.9ಕ್ಕಿಂತ ಕಡಿಮೆ, ಹಾಗಾಗಿ ಬಿಟ್ಟುಕೊಡುವ ಲಾಭ 30,000 ಅಲ್ಲ, 40,000ದ ಹತ್ತಿರ. ಅದಕ್ಕಿಂತ ಮುಖ್ಯವಾಗಿ, ಖಾಸಗಿ ನೌಕರಿಯಲ್ಲಿರುವ ನಿಮಗೆ ಪಿಎಫ್ ಇರಲೇಬೇಕಲ್ಲ? ಅದು ನಿಶ್ಚಿತ ಬಡ್ಡಿಯ ಹಣ, 2023-24ಕ್ಕೆ ಶೇ. 8.25 ಕೊಟ್ಟಿದ್ದಾರೆ. ಅದನ್ನು ಲೆಕ್ಕಕ್ಕೆ ಹಿಡಿಯದೆ ನಿಮ್ಮ ಹಂಚಿಕೆ 80:20 ಎನ್ನುವುದು ಸರಿಯಲ್ಲ. ಮನೆಯ ಒಡವೆಯನ್ನು ಮಾತ್ರ ಸೇರಿಸಬೇಡಿ. ಎಷ್ಟೇ ಬೆಲೆ ಏರಿದರೂ ಅದನ್ನು ಮಾರಲು ಮನೆಯಲ್ಲಿ ಯಾರೂ ಒಪ್ಪುವುದಿಲ್ಲ.

ಉತ್ತರ 3

ನಾಲ್ಕು ಫಂಡ್ ಇದ್ದ ಮಾತ್ರಕ್ಕೆ ಅಪಾಯ ನಾಲ್ಕು ಕಡೆ ಹಂಚಿಹೋಗುವುದಿಲ್ಲ. ಅರ್ಥಶಾಸ್ತ್ರಜ್ಞ ಹ್ಯಾರಿ ಮಾರ್ಕೊವಿಟ್ಜ್ 1952ರಲ್ಲಿ ತೋರಿಸಿದ್ದು ಇದನ್ನೇ: ಒಟ್ಟು ಏರಿಳಿತವನ್ನು ನಿರ್ಧರಿಸುವುದು ಬಿಡಿ ಹೂಡಿಕೆಗಳ ಏರಿಳಿತ ಮಾತ್ರವಲ್ಲ, ಅವು ಎಷ್ಟರ ಮಟ್ಟಿಗೆ ಜೊತೆಜೊತೆಯಾಗಿ ಏರಿಳಿಯುತ್ತವೆ ಎಂಬುದೂ ಹೌದು. ಶೇ. 20ರಷ್ಟು ಏರಿಳಿತವಿರುವ ಎರಡು ಹೂಡಿಕೆಗಳಲ್ಲಿ ಸಮನಾಗಿ ಹಣ ಹಾಕಿದಾಗ, ಅವೆರಡೂ ಒಂದೇ ತಾಳಕ್ಕೆ ಕುಣಿದರೆ ಒಟ್ಟು ಏರಿಳಿತ ಶೇ. 20ರಲ್ಲೇ ಉಳಿಯುತ್ತದೆ, ಒಂದಕ್ಕೊಂದು ಸಂಬಂಧವೇ ಇಲ್ಲದಿದ್ದರೆ ಶೇ. 14ಕ್ಕೆ ಇಳಿಯುತ್ತದೆ. ನಾಲ್ಕೂ ಫಂಡ್‌ಗಳ ಫ್ಯಾಕ್ಟ್‌ಶೀಟ್ (ಫಂಡಿನ ಮಾಹಿತಿ ಪತ್ರ) ತೆಗೆದು ಮೊದಲ ಹತ್ತು ಷೇರುಗಳನ್ನು ಹೋಲಿಸಿ ನೋಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಮೂರು ಫಂಡ್‌ಗಳ ಪಟ್ಟಿಯ ತಲೆಯಲ್ಲಿ ಅದೇ ಎರಡು ಬ್ಯಾಂಕುಗಳಿವೆ. ಪಿಎಫ್ ಪಾಸ್‌ಬುಕ್ ತೆಗೆದರೆ 11 ಲಕ್ಷ ಇದೆ. ಅಂದರೆ 31 ಲಕ್ಷದಲ್ಲಿ ಈಕ್ವಿಟಿಯ ಪಾಲು ಶೇ. 52ರಷ್ಟೇ. ಹಾಗಾದರೆ ಫಂಡ್‌ಗಳಿಂದ 2 ಲಕ್ಷ ತೆಗೆದು, ಠೇವಣಿಯ 4 ಲಕ್ಷದೊಂದಿಗೆ ಮಗಳ ಶುಲ್ಕಕ್ಕೆ ಮೀಸಲಿಟ್ಟರೆ ಸಾಕೇ?

ಉತ್ತರ 2 ಬರೆದವರು

ಸಾಕು. ಒಂದೇ ರೀತಿಯ ಆ ಮೂರು ಫಂಡ್‌ಗಳಲ್ಲೊಂದರಿಂದ ತೆಗೆಯಿರಿ. ಕೊಂಡು ಒಂದು ವರ್ಷ ದಾಟಿದ ಯೂನಿಟ್‌ಗಳಾದರೆ, ಒಂದು ಹಣಕಾಸು ವರ್ಷದಲ್ಲಿ 1.25 ಲಕ್ಷದವರೆಗಿನ ಲಾಭಕ್ಕೆ ತೆರಿಗೆ ಇಲ್ಲ. ಬಹುಶಃ ಆ ಮಿತಿಯೊಳಗೇ ಮುಗಿಯಬಹುದು, ಏಕೆಂದರೆ ಆ 2 ಲಕ್ಷದಲ್ಲಿ ಅಸಲೂ ಸೇರಿರುತ್ತದೆ.